ಗೋಸ್ತಿ ಎಂದು ಕೂಗಿದವಳು

ಘಟ್ಟದಬಾಗಿಲು
೩೦ ಫೆಬ್ರವರಿ ೨೬೧೧

ನನಗಿಂತ ಆರುನೂರು ವರ್ಷ ಹಿರಿಯರಾದ ನಿಮಗೆ ದೇಯಿಯ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಿಮ್ಮ ಕನ್ನಡವನ್ನು ಪುಸ್ತಕದಿಂದ ಕಲಿತವಳು ನಾನು, ಮಾತು ವಿಚಿತ್ರವೆನಿಸಿದರೆ ಮನ್ನಿಸಿ.

ಕಡಲು ಈಗ ಘಟ್ಟದ ಬುಡದವರೆಗೆ ಬಂದಿದೆ. ನಾನು ಇಲ್ಲಿಯ ಬೇರುಗಾತಿ, ಅಂದರೆ ಹಳೆಯ ಮಾತುಗಳ ಬೇರು ಹುಡುಕುವವಳು. ಹೋದ ವರ್ಷ ಒಂದು ದೋಣಿಯಲ್ಲಿ ಬಂದ ಜ್ವರ ನಮ್ಮೂರಿನ ನಲವತ್ತು ಜನರನ್ನು ಒಯ್ದಿತು, ನನ್ನ ತಂಗಿಯನ್ನೂ. ಅಂದಿನಿಂದ ದೋಣಿ ಕಂಡರೆ ಊರಗೋಡೆಯ ಬಾಗಿಲು ಹಾಕಿಕೊಳ್ಳುತ್ತೇವೆ.

ಎಂಟು ದಿನದ ಹಿಂದೆ ಉತ್ತರದಿಂದ ಇನ್ನೊಂದು ದೋಣಿ ಬಂತು. ಹನ್ನೊಂದು ಜನ. ಮುಂದೆ ನಿಂತ ಮುದುಕಿ ಎದೆ ಬಡಿದುಕೊಂಡು "ಗೋಸ್ತಿ! ಗೋಸ್ತಿ!" ಎಂದು ಕೂಗುತ್ತಿದ್ದಳು. ಕಾವಲಿನ ತನಿಯಣ್ಣ ಬಿಲ್ಲಿಗೆ ಬಾಣ ಹೂಡಿದ್ದ.

"ಏನಂತಾಳೆ ದೇಯಕ್ಕ? ಬೇಗ ಹೇಳು."

ಅವಳ ಭಾಷೆ ಯಾವ ಕವಲಿನದೋ ತಿಳಿಯಲಿಲ್ಲ. ಬೇರು ಮಾತ್ರ ನನ್ನ ಕಾಗದಗಳಲ್ಲಿತ್ತು: ಘೋಸ್ತಿ. ಸಾವಿರಾರು ವರ್ಷಗಳ ಹಿಂದಿನ, ಯಾರೂ ಬರೆದಿಡದ, ಪಂಡಿತರು ಊಹಿಸಿ ಕಟ್ಟಿದ ಮಾತು. ಅರ್ಥ, ಹೊರಗಿನಿಂದ ಬಂದವನು. ಇಂಗ್ಲಿಷಿನಲ್ಲಿ ಅದು ಗೆಸ್ಟ್ ಆಯಿತು, ರಷ್ಯನ್ನಿನಲ್ಲಿ ಗೋಸ್ತ್. ಎರಡೂ ಅತಿಥಿಯೇ. ಲ್ಯಾಟಿನ್ನಿನಲ್ಲಿ ಹೋಸ್ತಿಸ್ ಆಗಿ ಶತ್ರುವಾಯಿತು.

"ಅತಿಥಿ ಇರಬಹುದು, ಶತ್ರುವೂ ಇರಬಹುದು" ಎಂದೆ.

"ಅಷ್ಟು ನನಗೂ ಗೊತ್ತಿತ್ತಲ್ಲ!" ಎಂದು ರೇಗಿದ.

ಎರಡು ದಿನ ಪುಟ ತಿರುವಿದೆ. ನಿಜ ಹೇಳುತ್ತೇನೆ, ಅರ್ಥ ಸಿಗದಿರಲಿ ಎಂದೇ ತಿರುವಿದೆ; ಬಾಗಿಲು ತೆಗೆಸಿದ ಪಾಪ ನನ್ನ ತಲೆಗೆ ಬರುವುದು ಬೇಡವಾಗಿತ್ತು. ಕೆಳಗೆ ಕೂಗು ಕ್ಷೀಣಿಸುತ್ತಾ ಬಂತು. ಮೂರನೆಯ ದಿನ ಇನ್ನೊಂದು ಕವಲು ಸಿಕ್ಕಿತು: ಅದೇ ಬೇರಿನಿಂದ ಹಾಸ್ಪಿಟಲ್, ಅದರಿಂದ ನಮ್ಮದೇ ಆಸ್ಪತ್ರೆ.

ಓಡಿದೆ. "ಊರೊಳಗೆ ಬೇಡ ತನಿಯಣ್ಣ, ಗೋಡೆಯಾಚೆಯ ಆಸ್ಪತ್ರೆಗೆ ಬರಲಿ. ಗಂಜಿ ನಾನೇ ಒಯ್ಯುತ್ತೇನೆ."

"ಹೋದವಳು ಹಾಗೇ ವಾಪಸ್ ಬರೋ ಹಾಗಿಲ್ಲ."

"ಗೊತ್ತು."

ದೋಣಿಯಲ್ಲಿ ಜೀವ ಇದ್ದದ್ದು ಒಂಬತ್ತು ಜನರಿಗೆ. ಇಬ್ಬರು ಬಾಯಾರಿ ಸತ್ತಿದ್ದರು, ಅವರಲ್ಲಿ ಒಬ್ಬಳು ಮುದುಕಿಯ ಮಗಳು. ನಾನು ಪುಟ ತಿರುವುತ್ತಿದ್ದಾಗ.

ಈ ಆಸ್ಪತ್ರೆಯಲ್ಲಿ ಯಾರಿಗೂ ಇದುವರೆಗೆ ಜ್ವರ ಬಂದಿಲ್ಲ. ಹತ್ತು ದಿನ ಕಾಯಬೇಕು, ಇಂದು ಐದನೆಯದು. ಮಲಗಿದವರ ಹಣೆ ಮುಟ್ಟಲು ಈಗಲೂ ಹೆದರಿಕೆ, ನನ್ನ ಹಣೆಯನ್ನಂತೂ ಮುಟ್ಟಿಕೊಳ್ಳುವುದೇ ಇಲ್ಲ.

ಒಂದು ಬೇಡಿಕೆ. ಬೇರು ಹುಡುಕುವುದನ್ನು ಬಿಡಬೇಡಿ. ಆದರೆ ದಡದಲ್ಲಿ ಕೂಗುವವರಿಗೆ ಮೊದಲು ನೀರು ಕೊಡಿ, ಆಮೇಲೆ ಹುಡುಕಿ.

ಮುದುಕಿ ಕರೆಯುತ್ತಿದ್ದಾಳೆ. ಹೋಗುತ್ತೇನೆ.

ದೇಯಿ