ಪೈಪಿನ ಇನ್ನೊಂದು ತುದಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಮೊದಲೇ ಹೇಳಿಬಿಡುತ್ತೇನೆ, ಅಕ್ಷರ ಕೋಳಿ ಕೆದರಿದ ಹಾಗಿದೆ. ಒತ್ತು ಎಲ್ಲಿ ಬಿಟ್ಟಿದ್ದೇನೆ, ಎಲ್ಲಿ ಎರಡು ಸಲ ಹಾಕಿದ್ದೇನೆ ನನಗೇ ಗೊತ್ತಿಲ್ಲ. ಪ್ರೈಮರಿಗೇ ಶಾಲೆ ಬಿಟ್ಟವಳ ಕೈ, ನೀನು ಕೆಂಪು ಪೆನ್ನು ಹಿಡಿಯದೆ ಓದು. ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ಇಷ್ಟು ದಿನ ಮಾಡಿದ್ದಕ್ಕೂ ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಬಟ್ಟೆ ಮಡಚುತ್ತಾ ಕೂರುತ್ತಾಳೆ. ನನ್ನ ಮಾತು ಮುಗಿಯುವವರೆಗೂ ಒಂದೇ ಟವೆಲ್ಲನ್ನು ಮಡಚುತ್ತಾಳೆ. ಇನ್ನೊಂದು ಕಾರಣವೂ ಇದೆ. ನಿನ್ನ ಮೇಲೂ ನನಗೆ ಅನುಮಾನವಿತ್ತು. ಅದನ್ನೂ ಬರೆಯುತ್ತೇನೆ, ಬೈದುಕೋ.

ಅಪ್ಪ ಪರವಾಗಿಲ್ಲ. ಬಲಗೈ ಇನ್ನೂ ಮೇಲೇಳುವುದಿಲ್ಲ, ಆದರೆ ಕೋಲು ಹಿಡಿದು ನಡೆಯುತ್ತಾರೆ. ಸಂಜೆ ನಡೆಯಲೇಬೇಕು ಅಂತ ಡಾಕ್ಟರು ಹೇಳಿದ ಮೇಲೆ ಅಮ್ಮನನ್ನು ಜೊತೆಗೆ ಕರೆದುಕೊಂಡು ಹೊರಡುತ್ತಾರೆ. ಇಬ್ಬರೂ ಹೊಸದಾಗಿ ಮದುವೆಯಾದವರ ಹಾಗೆ ನಿಧಾನವಾಗಿ ಹೋಗುವುದನ್ನು ನೋಡಿ ನಾನೂ ಖುಷಿಪಟ್ಟಿದ್ದೆ.

ಈಗ ಕೆಲಸದ ವಿಷಯ. ಹಿಂದಿನ ಬೀದಿಯಲ್ಲಿ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕು ಕಟ್ಟುತ್ತಿದ್ದೇವೆ. ಅಪ್ಪ ಬಿದ್ದ ಮೇಲೆ ನಾನೇ ಮಾತಾಡಿ ಹಿಡಿದ ಮೊದಲ ಕೆಲಸ. ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಅವರ ಎದುರು ಕೂತು ಮಾತಾಡಿದ್ದೆ, ಮೈಯೆಲ್ಲ ಬೆವರಿತ್ತು. ಮಟ್ಟದ ಗೆರೆಯನ್ನು ನಮ್ಮ ಮನೆಯವರೇ ಹಾಕಬೇಕು ಅನ್ನುವುದು ಅಪ್ಪನ ಪದ್ಧತಿ, ನಿನಗೆ ಗೊತ್ತೇ ಇದೆ. ಲೆವೆಲ್ ಪೈಪಿಗೆ ನೀರು ತುಂಬಿ, ಇಬ್ಬರು ಎರಡು ತುದಿ ಹಿಡಿದು, ನೀರು ನಿಂತ ಕಡೆ ಎದೆಯೆತ್ತರಕ್ಕೆ ಗುರುತು. ಆಮೇಲೆ ಕಿಟಕಿ, ಬಾಗಿಲು, ನೆಲ ಎಲ್ಲವನ್ನೂ ಆ ಗೆರೆಯಿಂದಲೇ ಅಳೆಯಬೇಕು. ನಾನು ಒಂದು ತುದಿ ಹಿಡಿದೆ, ಗೊಣಗು ಮೇಸ್ತ್ರಿ ಇನ್ನೊಂದು. ಸರಿಯಾಗಿಯೇ ಹಾಕಿದೆವು. ಆದರೆ ಹಿಂದಿನ ಕೋಣೆಯ ಕಿಟಕಿಕಟ್ಟೆ ಮುಗಿದಾಗ ಒಂದು ಬೆರಳು ವಾಲಿತ್ತು.

ಡಾಕ್ಟರಮ್ಮ ಅದರ ಮೇಲೆ ನೀರಿನ ಬಾಟಲಿ ಮಲಗಿಸಿದರು. ಅದು ತಾನಾಗಿಯೇ ಉರುಳಿಕೊಂಡು ನನ್ನ ಕಡೆ ಬಂತು. "ಹಲ್ಲು ಒಂದು ಕೂದಲೆಳೆ ವಾಲಿದ್ರೂ ನನಗೆ ಕಾಣುತ್ತೆ, ಗೋಡೆ ಕಾಣಲ್ವೇನಮ್ಮಾ? ಇನ್ನೊಂದ್ಸಲ ಹೀಗಾದ್ರೆ ಉಳಿದ ಕೆಲಸ ಬೇರೆಯವರಿಗೆ ಕೊಡ್ತೀನಿ" ಅಂದರು. ಅವರು ಕೊಟ್ಟರೆ ಅಲ್ಲಿಗೆ ಮುಗಿಯಿತು. ಈ ಊರಲ್ಲಿ ಇನ್ನು ಯಾರೂ ನನ್ನನ್ನು ಕರೆಯುವುದಿಲ್ಲ.

ಕಟ್ಟೆ ಒಡೆಸಿ ಗೆರೆ ನೋಡಿದೆ. ಅದು ನನ್ನ ಗೆರೆಯಲ್ಲ, ಅಕ್ಕ. ನನ್ನದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬೇರೆ ಪೆನ್ಸಿಲ್ಲಿನಲ್ಲಿ ಒತ್ತಿ ಎಳೆದಿದ್ದರು. ಮತ್ತೆ ಹಾಕಿದೆ. ಮರುದಿನ ಅದೂ ಸರಿದಿತ್ತು. ಮುಂದಿನ ಕೋಣೆಯದು ಸರಿಯಾಗಿದೆ, ಹಿಂದಿನ ಕೋಣೆಯದು ಮಾತ್ರ ಹೀಗೆ.

ನನಗೆ ಮೇಸ್ತ್ರಿ ಮೇಲೆ ಅನುಮಾನ ಬಂತು. ಹುಡುಗಿಯ ಕೈಕೆಳಗೆ ದುಡಿಯುವುದು ಅವರಿಗೆ ಹಿಡಿಸುವುದಿಲ್ಲ ಅಂತ ಮೊದಲಿನಿಂದಲೂ ಅನಿಸುತ್ತಿತ್ತು. ಅವರು ನಕ್ಕರೆ ಯಾಕೆ ನಕ್ಕರು ಅಂತ ಯೋಚಿಸಿದೆ, ನಗದಿದ್ದರೆ ಯಾಕೆ ನಗಲಿಲ್ಲ ಅಂತ. ಒಂದು ದಿನ ಅವರು ಗೋಡೆಯ ಮೂಲೆಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. "ದೊಡ್ಡಮ್ಮಣ್ಣಿ, ನಾನಿದ್ದೀನಲ್ಲ, ನೋಡ್ಕೋತೀನಿ ಬಿಡು" ಅಂದಿದ್ದು ಕೇಳಿಸಿತು. ಅವರು ಹಾಗೆ ಕರೆಯುವುದು ನಿನ್ನೊಬ್ಬಳನ್ನೇ. ಭಾವ ಕೂಡ ಹೋದ ಸಲ ಬಂದಾಗ ಸೈಟೆಲ್ಲ ಸುತ್ತಾಡಿ, "ಒಬ್ಬಳಿಗೇ ಕಷ್ಟ ಆಗಲ್ವಾ?" ಅಂತ ಕೇಳಿದ್ದರಲ್ಲ. ಎಲ್ಲ ಸೇರಿಸಿ ನೋಡಿದೆ. ನೀವೆಲ್ಲ ಒಂದಾಗಿ ನನ್ನನ್ನು ಬದಿಗೆ ಸರಿಸುತ್ತಿದ್ದೀರಿ ಅಂತ ನಂಬಿಬಿಟ್ಟೆ.

ಮೇಸ್ತ್ರಿಯ ಹತ್ತಿರ ಸೈಟಿನ ಕೀ ಕೇಳಿದೆ. ಅವರು ಸೊಂಟದಿಂದ ಬಿಚ್ಚಿ ನನ್ನ ಅಂಗೈಮೇಲಿಟ್ಟು, "ತಗೋ ತಾಯಿ. ಇವತ್ತು ಕೀ ಕೇಳಿದೆ, ನಾಳೆ ಕರಣೆ ಕೇಳ್ತೀಯ, ನಾಡಿದ್ದು ಕೈಯೇ ಕತ್ತರಿಸಿ ಕೊಡು ಅಂತೀಯೇನೋ" ಅಂದರು. ಆಮೇಲೆ ದಿನವೆಲ್ಲ ಗೊಣಗಲೇ ಇಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಕೀ ನನ್ನ ಹತ್ತಿರವೇ ಇತ್ತು, ಆದರೂ ಮರುದಿನ ಗೆರೆ ಸರಿದಿತ್ತು.

ಆಗ ನೆನಪಾಯಿತು. ಪೈಪನ್ನು ಸೈಟಿನಲ್ಲಿ ಬಿಟ್ಟರೆ ಒಳಗೆ ಮಣ್ಣು ಸೇರುತ್ತೆ ಅಂತ ನಾನು ದಿನಾ ಅದನ್ನು ಮನೆಗೆ ತರುತ್ತೇನೆ, ಹಿತ್ತಿಲ ಮೊಳೆಗೆ ಸುತ್ತಿ ಹಾಕುತ್ತೇನೆ. ಪೈಪಿಲ್ಲದೆ ಯಾರೂ ಗೆರೆ ಹಾಕಲಾರರು. ಹೋಗಿ ನೋಡಿದೆ. ಪೈಪು ಮೊಳೆಯಲ್ಲೇ ಇತ್ತು, ಆದರೆ ದಾರದ ಗಂಟು ನನ್ನದಲ್ಲ. ಅಮ್ಮ ಬ್ರೆಡ್ಡಿನ ಕವರಿಗೆ ಹಾಕುತ್ತಾಳಲ್ಲ, ಎರಡು ಕಿವಿಯ ಗಂಟು, ಅದು. ಅಡುಗೆಮನೆ ಬಾಗಿಲ ಹಿಂದೆ ತೂಗುವ ಸೈಟಿನ ಇನ್ನೊಂದು ಕೀ ಕೂಡ ತಿರುಗುಮುರುಗಾಗಿ ತೂಗುತ್ತಿತ್ತು.

"ಪೈಪು ಮುಟ್ಟಿದ್ಯಾಮ್ಮ?" ಅಂತ ಕೇಳಿದೆ. "ಪೈಪು ಮುಟ್ಟಿ ನಾನೇನು ಮನೆ ಕಟ್ಟಲಾ? ಕೈ ತೊಳೆದು ಊಟಕ್ಕೆ ಬಾ" ಅಂದಳು. ನನ್ನ ಮುಖ ನೋಡಲಿಲ್ಲ.

ಮೊನ್ನೆ ಸಂಜೆ ಸಿಮೆಂಟ್ ಅಂಗಡಿಗೆ ಹೋಗುತ್ತೇನೆ ಅಂತ ಹೇಳಿ ಸುತ್ತುಬಳಸಿ ಸೈಟಿಗೆ ಹೋದೆ. ಮೆಟ್ಟಿಲಿನ ಮೇಲ್ಗಡೆ, ಎರಡೂ ಕೋಣೆ ಕಾಣುವ ಹಾಗೆ, ಕಂಬದ ಮರೆಗೆ ಕೂತೆ. ನಮ್ಮದೇ ಸೈಟಿನಲ್ಲಿ ಕಳ್ಳಿಯ ಹಾಗೆ. ಸ್ವಲ್ಪ ಹೊತ್ತಿಗೆ ಕೋಲಿನ ಸದ್ದಾಯಿತು. ಅಪ್ಪ ಬಂದರು. ಹಿಂದೆ ಅಮ್ಮ, ಬುಟ್ಟಿಯಲ್ಲಿ ಪೈಪು.

ಅಪ್ಪ ಮುಂದಿನ ಕೋಣೆಯಲ್ಲಿ ಬಣ್ಣದ ಡಬ್ಬ ಬೋರಲು ಹಾಕಿಕೊಂಡು ಕೂತರು. ಎಡಗೈಯಲ್ಲಿ ಒಂದು ತುದಿ. ಅಮ್ಮ ಇನ್ನೊಂದು ತುದಿ ಹಿಡಿದು ಹಿಂದಿನ ಕೋಣೆಗೆ ಹೋದಳು.

"ನೀರು ನಿಂತಾ?"

"ನಿಂತಿದೆ."

"ಇಷ್ಟು ಬೇಗ ಹೇಗೆ ನಿಲ್ಲುತ್ತೇ? ಸರಿಯಾಗಿ ನೋಡು."

"ನಿಂತಿದೆ ಅಂದ್ರೆ ನಿಂತಿದೆ. ನೀರಿಗೇನು ನಿಮ್ಮ ಹಾಗೆ ಹಟ ಇದ್ಯಾ?"

ಹೇಗೆ ನಿಲ್ಲದೆ ಇರುತ್ತೆ ಅಕ್ಕ? ಹೊಸ ಗಾರೆಯ ಮೇಲೆ ನೀರು ಚೆಲ್ಲಬಾರದು ಅಂತ ಅಮ್ಮ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದಿದ್ದಳು. ಬಾಯಿ ಮುಚ್ಚಿದರೆ ಗಾಳಿ ಆಡುವುದಿಲ್ಲ, ನೀರು ಇದ್ದಲ್ಲೇ ಇರುತ್ತೆ. ಮೇಲಿಂದ ನನಗೆ ಕಂಡಿತು, ಗೋಡೆಯ ಆಚೆ ಕೂತ ಅಪ್ಪನಿಗೆ ಕಾಣುವ ಹಾಗಿರಲಿಲ್ಲ. ಅಪ್ಪ ತಮ್ಮ ತುದಿಯನ್ನು ಬಹಳ ಚೆನ್ನಾಗಿ ನೋಡಿದರು. ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, ಮೊದಲಿನ ಹಾಗೆಯೇ. "ಅವಳ ಗೆರೆಗಿಂತ ನೀರು ಒಂದು ಬೆರಳು ಮೇಲಿದೆ" ಅಂತ ಅಮ್ಮ ಆ ಕಡೆಯಿಂದ ಕೂಗಿದ ಮೇಲೆ, "ನೋಡಿದ್ಯಾ, ಮತ್ತೆ ತಪ್ಪು ಹಾಕಿದ್ದಾಳೆ" ಅಂದರು. ಅಮ್ಮ ಬಟ್ಟೆ ಒದ್ದೆ ಮಾಡಿ ನನ್ನ ಗೆರೆ ಒರೆಸಿ, ನೀರು ನಿಂತ ಕಡೆ ಹೊಸದು ಎಳೆದಳು.

ನಾನು ಇಳಿದು ಬರಲಿಲ್ಲ. ಇಳಿದು ಹೇಳಿದರೆ ಅಪ್ಪ ನಾಚಿಕೆಗೆ ಮತ್ತೆ ಆ ಕಡೆ ಕಾಲಿಡುವುದಿಲ್ಲ. ಅವರು ದಿನಾ ಅಷ್ಟು ನಡೆಯುವುದೇ ಈ ಗೆರೆ ನೋಡುವುದಕ್ಕೆ ಅಂತ ಈಗ ಗೊತ್ತಾಗಿದೆಯಲ್ಲ. ಹೇಳದಿದ್ದರೆ ನಾಳಿದ್ದು ನೆಲಕ್ಕೆ ಟೈಲ್ಸ್ ಕೂರುತ್ತೆ, ಗೆರೆ ತಪ್ಪಾದರೆ ಡಾಕ್ಟರಮ್ಮ ಬಾಟಲಿ ತರುತ್ತಾರೆ.

ಮೇಸ್ತ್ರಿಗೆ ನಿನ್ನೆ ಕೀ ವಾಪಸ್ಸು ಕೊಟ್ಟೆ. ನೀನು ಫೋನು ಮಾಡಿದ್ದು ಯಾಕೆ ಅಂತಲೂ ಕೇಳಿಯೇ ಬಿಟ್ಟೆ. "ತಂಗಿ ಹೊತ್ತಿಗೆ ಸರಿಯಾಗಿ ಉಣ್ತಾಳಾ ಅಂತ ಕೇಳಿದ್ಲು. ಉಣ್ಣಲ್ಲ, ನನ್ನ ತಲೆ ತಿಂತಾಳೆ ಅಂದೆ" ಅಂದರು. ಮತ್ತೆ ಗೊಣಗಲು ಶುರು ಮಾಡಿದ್ದಾರೆ. ಇಬ್ಬರೂ ಸೇರಿ ಗೆರೆಯನ್ನು ತಿರುಗಿ ಹಾಕಿದ್ದೇವೆ.

ಭಾವನಿಗೆ ನನ್ನ ನಮಸ್ಕಾರ. ಪುಟ್ಟಿಗೆ ಮುತ್ತು, ಹಲ್ಲು ಬರುತ್ತಿದೆಯಲ್ಲ, ಕಚ್ಚಿಸಿಕೊಳ್ಳಬೇಡ. ನಿನ್ನ ಮನೆ ತಣ್ಣಗಿರಲಿ, ನೀನು ನನ್ನನ್ನು ಮನಸ್ಸಿನಲ್ಲೇ ಹರಸು.

ನಿನ್ನ
ತಂಗಿ

ಸೋಮವಾರ ಬೆಳಿಗ್ಗೆ ಸೇರಿಸಿದ್ದು: ಒಂದು ಮಾತು ಬಿಟ್ಟಿದ್ದೆ, ಬೇಕೆಂದೇ. ಅವತ್ತು ಗೆರೆ ಒರೆಸುವಾಗ ಅಪ್ಪ, "ದೊಡ್ಡವಳು ಹಾಕಿದ ಗೆರೇನ ನಾನು ಯಾವತ್ತಾದ್ರೂ ತಿರುಗಿ ನೋಡಿದ್ದೀನಾ?" ಅಂದರು. ಅಮ್ಮ, "ಅವಳ ಕೈಯೇ ಬೇರೆ" ಅಂದಳು. ಇಬ್ಬರ ದನಿಯಲ್ಲೂ ಕೋಪವಿರಲಿಲ್ಲ, ಅದಕ್ಕೇ ನನಗೆ ಮರೆಯಲು ಆಗುತ್ತಿಲ್ಲ. ಇದನ್ನು ಫೋನಿನಲ್ಲಿ ಅವರಿಗೆ ಹೇಳಬೇಡ. ನನ್ನ ಪರವಾಗಿಯೂ ಮಾತಾಡಬೇಡ.

ಇವತ್ತು ಅಮ್ಮ ಏಳುವ ಮೊದಲೇ ಎದ್ದು ಒಲೆಯಲ್ಲಿ ಸೂಜಿ ಕಾಯಿಸಿದೆ. ಪೈಪಿನ ಎರಡೂ ತುದಿಗೆ, ಅವಳ ಮುಷ್ಟಿ ಹಿಡಿಯುವ ಜಾಗಕ್ಕಿಂತ ಸ್ವಲ್ಪ ಕೆಳಗೆ, ಒಂದೊಂದು ತೂತು ಮಾಡಿದೆ. ನೀರು ತುಂಬಿ, ತೂತಿನವರೆಗೆ ಬರದ ಹಾಗೆ ಸ್ವಲ್ಪ ಚೆಲ್ಲಿದೆ. ನಾನೇ ಹೆಬ್ಬೆರಳು ಒತ್ತಿ ಹಿಡಿದು ನೋಡಿದೆ. ಗಾಳಿ ಆಡಿತು, ನೀರು ಮೇಲೆ ಕೆಳಗೆ ತೂಗಿ, ಎರಡೂ ಕಡೆ ಸಮನಾಗಿ ನಿಂತಿತು. ಆಮೇಲೆ ಪೈಪು ಸುತ್ತಿ, ಎರಡು ಕಿವಿಯ ಗಂಟು ಹಾಕಿ, ಅದೇ ಮೊಳೆಗೆ ತೂಗುಹಾಕಿದೆ.