ಒಣಪಾದದ ಬಾಗಿಲು

ವೀರುಮ್,
೨೭ ಅಕ್ಟೋಬರ್

ಪ್ರೀತಿಯ ರೆನ್ಸ್ಕೆಗೆ,

ಹೇಗಿದ್ದೀಯ? ನಿನ್ನ ಹುಟ್ಟುಹಬ್ಬಕ್ಕೇ ಬರೆಯಬೇಕೆಂದಿದ್ದೆ. ಕಾಗದ ಮುಂದಿಟ್ಟುಕೊಂಡು ಕೂರುವುದು, ಎರಡು ಸಾಲು ಗೀಚುವುದು, ಎದ್ದು ಹೋಗಿ ಕಿಟಕಿ ಒರೆಸುವುದು, ಇದೇ ಆಯಿತು. ಮನೆಯ ಕಿಟಕಿಗಳೆಲ್ಲ ಫಳಫಳ ಹೊಳೆಯುತ್ತಿವೆ, ಕಾಗದ ಮಾತ್ರ ಮುಗಿಯಲಿಲ್ಲ. ಬೈಯಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಕಾಗದವನ್ನಾದರೂ ಒಡೆದು ನೋಡುತ್ತೀಯ ಎಂಬ ನಂಬಿಕೆ ನನ್ನದು.

ಮೊದಲು ಸುದ್ದಿ ಹೇಳುತ್ತೇನೆ. ನಮ್ಮ ಒಣಪಾದದ ಬಾಗಿಲು ತೆರೆಯಿತು ಕಣೆ. ಕಡಲು ಇಳಿದಾಗ ಕೆಸರು ಬಯಲಿನ ಮೇಲೆ ದ್ವೀಪದವರೆಗೆ ನಡೆಯುವವರಿಗೆ ಯಾವ ಹೊತ್ತಿನಲ್ಲಿ ಯಾವ ದಾರಿ ಸುರಕ್ಷಿತ ಎಂದು ಹೇಳಲು ನೀನು, ನಾನು, ಸಿಬ್ರೆನ್ ಸೇರಿ ಕಟ್ಟಿದ ಈ ಫೋನ್ ಪ್ರೋಗ್ರಾಮು ಹೆಸರಿಗಷ್ಟೇ ಎಲ್ಲರದಾಗಿತ್ತು. ಜನಕ್ಕೆ ಸಿಗುತ್ತಿದ್ದುದು ಹಿಂದಿನ ವರ್ಷದ ಕೋಡು. ಹೊಸ ತಿದ್ದುಪಡಿಗಳು ನಿನ್ನ ಕಾವಲಿನಲ್ಲಿ ಬೀಗದೊಳಗೆ ಕೂತು, ಪ್ರತಿ ಅಕ್ಟೋಬರಿನ ನಮ್ಮ ಊರ ಸಂಘದ ಸಭೆಯಲ್ಲಿ ಎಲ್ಲರೂ ಒಪ್ಪುವ ತನಕ ಕಾಯುತ್ತಿದ್ದವು. ಈಗ ಬೆಳಿಗ್ಗೆ ನಾನು ಬರೆದ ಸಾಲನ್ನು ಮಧ್ಯಾಹ್ನ ಯಾರು ಬೇಕಾದರೂ ನೋಡಬಹುದು, ಇಳಿಸಿಕೊಳ್ಳಬಹುದು, ತಿದ್ದಿ ಕಳಿಸಬಹುದು. ನಿನಗೇ ಗೊತ್ತಿರುವುದನ್ನು ನಿನಗೇ ಪಾಠ ಹೇಳುತ್ತಿದ್ದೇನೆ, ನಗಬೇಡ. ಹೊರಗಿನವರಿಗಾಗಿ ಇದನ್ನೆಲ್ಲ ಬಿಡಿಸಿ ಬರೆದೂ ಬರೆದೂ ಅಭ್ಯಾಸವಾಗಿಬಿಟ್ಟಿದೆ.

ಬಾಗಿಲು ತೆರೆಯೋಣವೇ ಎಂದು ಕೇಳಿದ ಸಭೆ ಈ ತಿಂಗಳ ಮೊದಲಲ್ಲಿ, ಎಂದಿನಂತೆ ಚರ್ಚಿನ ಪಕ್ಕದ ಕೋಣೆಯಲ್ಲಿ. ತಲೆಗೊಂದು ಬಿಸ್ಕತ್ತು, ಆಮೇಲೆ ಡಬ್ಬದ ಮುಚ್ಚಳ ಭದ್ರ. ಒಬ್ಬರು ಬೇಡವೆಂದರೂ ವಿಷಯ ಮುಂದಿನ ವರ್ಷಕ್ಕೆ ಹೋಗುವ ನಮ್ಮ ಪದ್ಧತಿ ನಿನಗೆ ಗೊತ್ತಲ್ಲ, ಎಲ್ಲರ ಕಣ್ಣೂ ಸಿಬ್ರೆನ್ ಮೇಲೆಯೇ. ಬೇಕರಿ ಮುಚ್ಚಿ ಎಷ್ಟು ಕಾಲವಾದರೂ ಅವನ ಮಾತಿನಿಂದ ಹಿಟ್ಟಿನ ವಾಸನೆ ಹೋಗಿಲ್ಲ.

"ಅರೆಬೆಂದ ರೊಟ್ಟೀನ ಯಾರಾದ್ರೂ ಅಂಗಡೀಲಿ ಇಡ್ತಾರಾ?" ಎಂದ.

"ಬೇರೆ ತಟ್ಟೇಲಿ ಇಡೋಣ, ಅರೆಬೆಂದಿದೆ ಅಂತ ದೊಡ್ಡದಾಗಿ ಬರೆದು. ನೋಡೋರು ನಾಲ್ಕು ಜನ ಇದ್ರೆ ಸೀದು ಹೋಗೋ ಮುಂಚೆ ಯಾರಾದ್ರೂ ಕೂಗ್ತಾರೆ" ಎಂದೆ ನಾನು.

ಸಕ್ಕರೆಯೇ ಹಾಕದ ಕಾಫಿಯನ್ನು ಅವನು ತುಂಬ ಹೊತ್ತು ಕದಡಿದ. ಕೊನೆಗೆ, "ನಂಗೆ ಇಷ್ಟ ಇಲ್ಲ. ಆದ್ರೆ ಅಡ್ಡ ಬರಲ್ಲ" ಎಂದ. ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ಒಪ್ಪಿಗೆ ಇನ್ನೇನಿದೆ ಹೇಳು. ಯಾರೋ ಬಿಸ್ಕತ್ತಿನ ಡಬ್ಬವನ್ನು ಎರಡನೇ ಸಲ ತೆರೆದರು, ಅದೂ ಊರಿನ ಚರಿತ್ರೆಯೇ ಸರಿ.

ಬಾಗಿಲು ತೆರೆದ ವಾರದಲ್ಲೇ ಒಂದು ತಿದ್ದುಪಡಿ ಬಂತು. ಕಳಿಸಿದವಳು ವೀಬ್ಕೆ ಅಂತ, ಜರ್ಮನಿಯ ಕರಾವಳಿಯಲ್ಲಿ ಹಕ್ಕಿ ಕಾಯುವ ಕೆಲಸ ಅವಳದು. ಗಾಳಿ ಅಳೆಯುವ ಕಂಬ ಕೆಟ್ಟು ನಿಂತರೆ ನಮ್ಮ ಒಣಪಾದ ಹಿಂದಿನ ದಿನದ ಗಾಳಿಯನ್ನೇ ಇಂದಿನದೆಂದು ನಂಬಿ, ನಡೆಯಬಹುದು ಎಂದು ಹಸಿರು ದಾರಿ ತೋರಿಸುತ್ತಿತ್ತಂತೆ. ಇಷ್ಟು ವರ್ಷ ನಮ್ಮ ಮೂವರ ಕಣ್ಣಿಗೂ ಬೀಳಲಿಲ್ಲ. ಅವಳು ಸೇರಿಸಿದ್ದು ಕೆಲವೇ ಸಾಲು. ಈಗ ಗಾಳಿಯ ಸುದ್ದಿ ಹಳೆಯದಾದರೆ ಪ್ರೋಗ್ರಾಮು "ಗೊತ್ತಿಲ್ಲ" ಎನ್ನುತ್ತದೆ. ನಮ್ಮ ಊರಿನ ಗಂಡಸರ ಬಾಯಿಂದ ಎಂದೂ ಹೊರಡದ ಮಾತು ಅದು, ಯಂತ್ರವಾದರೂ ಕಲಿಯಿತಲ್ಲ ಎಂದು ಒಬ್ಬಳೇ ನಕ್ಕೆ.

ಹೋದ ಗುರುವಾರ ಸಿಬ್ರೆನ್ ಸಿಂಪಿ ಆರಿಸಲು ಬುಟ್ಟಿ ಹಿಡಿದು ಬಯಲಿಗಿಳಿದಿದ್ದ. ಕಡಲಕಟ್ಟೆಯಿಂದ ಸ್ವಲ್ಪ ದೂರ ಹೋಗಿ ಫೋನ್ ತೆಗೆದರೆ "ಗೊತ್ತಿಲ್ಲ" ಎಂದಿತಂತೆ. ಹುಟ್ಟಿದಾಗಿನಿಂದ ಆ ಕೆಸರಿನಲ್ಲೇ ಆಡಿದವನು, ಅಲ್ಲೇ ನಿಂತು ಅದಕ್ಕೆ ಬೈದ. ಬೈದು, ಹಿಂದಿರುಗಿದ. ಅವನು ಕಟ್ಟೆ ಹತ್ತುವಷ್ಟರಲ್ಲಿ ವಾಯುವ್ಯದ ಗಾಳಿ ಎದ್ದು, ಕಡಲನ್ನು ಹೊತ್ತಿಗೆ ಮುಂಚೆಯೇ ಒಳಗೆ ತಳ್ಳಿ, ಅವನು ನಿಂತಿದ್ದ ಜಾಗ ನೀರಾಗಿತ್ತು. ಸೀದಾ ನಮ್ಮ ಮನೆಗೆ ಬಂದ. ಬೂಟನ್ನೂ ಬಿಚ್ಚದೆ ನನ್ನ ಅಡುಗೆಮನೆಯಲ್ಲಿ ಕೂತ. ನೆಲ ಕೆಸರಾದರೂ ನಾನು ಬಾಯಿ ಬಿಡಲಿಲ್ಲ ಎಂದರೆ ಅವನ ಮುಖ ಹೇಗಿತ್ತೆಂದು ನೀನೇ ಊಹಿಸು.

ಈಗ ನಿನ್ನ ವಿಷಯ. ಹೋದ ವರ್ಷ ಸೆಪ್ಟೆಂಬರಿನಲ್ಲಿ ಫೊಪ್ಪೆ ಬಯಲಿನ ಆ ನೀರಿನ ತೋಡಿನಲ್ಲಿ ಮುಳುಗಿ ನಾನು ಗಂಡನಿಲ್ಲದವಳಾದ ಮೇಲೆ ನೀನು ಕೋಡಿನ ಬೀಗದ ಕೈಗಳನ್ನೆಲ್ಲ ನನಗೊಪ್ಪಿಸಿ, ಒಂದು ಮಾತೂ ಆಡದೆ ಜ್ವೊಲ್ಲೆಯ ನಿನ್ನ ತಂಗಿಯ ಮನೆ ಸೇರಿಕೊಂಡೆ. ತೋಡು ಪೂರ್ವಕ್ಕೆ ಸರಿದದ್ದು ಹೊಸ ಕೋಡಿನಲ್ಲಿತ್ತು, ಸಭೆ ನಡೆಯಲಿ ಎಂದು ನೀನು ಅದನ್ನು ಹೊರಗೆ ಬಿಡಲಿಲ್ಲ, ಅದಕ್ಕೇ ಅವನು ಸತ್ತ ಎಂದು ಹಚ್ಚಿಕೊಂಡು ಕೊರಗುತ್ತಿದ್ದೀಯ. ಕೊರಗಬೇಡ. ನಿಯಮ ನಮ್ಮೆಲ್ಲರದು, ನೀನು ಪಾಲಿಸಿದೆ ಅಷ್ಟೇ. ಇಲ್ಲಿ ಯಾರಿಗೂ ನಿನ್ನ ಮೇಲೆ ಸಿಟ್ಟಿಲ್ಲ. ದಿನಕ್ಕೊಂದು ಊರಿನಿಂದ ತಿದ್ದುಪಡಿ ಬರುತ್ತಿದೆ, ಓದಿ ಒಪ್ಪಲು ನನ್ನೊಬ್ಬಳ ಕಣ್ಣು ಸಾಲದು. ವೀಬ್ಕೆಯಂತೂ "ನಿಮ್ಮ ಕೋಡಿನಲ್ಲಿ ಅಚ್ಚುಕಟ್ಟಾಗಿ ಬರೆದಿರೋದು ಒಬ್ಬರೇ, ಅವರೆಲ್ಲಿ?" ಎಂದು ಕೇಳುತ್ತಿದ್ದಾಳೆ. ನನಗೆ ಹೊಟ್ಟೆಕಿಚ್ಚಾಯಿತು. ನಿನ್ನ ಹೆಸರು ಹೇಳಿದ್ದೇನೆ.

ಚಳಿ ಶುರುವಾಗಿದೆ, ಮೈ ಬೆಚ್ಚಗಿಟ್ಟುಕೋ. ನಿನ್ನ ತಂಗಿಯ ಮಂಡಿನೋವು ಬೇಗ ಗುಣವಾಗಲಿ. ನಿನಗೆ ಒಳ್ಳೆಯ ನಿದ್ದೆ ಬರಲಿ, ಅದೇ ನನ್ನ ಹಾರೈಕೆ.

ನಿನ್ನ
ಆಲ್ಟ್ಯೆ

ಮತ್ತೊಂದು ಮಾತು: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಸಿಬ್ರೆನ್ ಅಂದು ಅಡುಗೆಮನೆಯಲ್ಲಿ ಕೂತು ಇನ್ನೊಂದು ವಿಷಯ ಹೇಳಿದ. ನಿನಗೂ ನನಗೂ ಹೇಳದೆ, ಹೋದ ವರ್ಷ ಬೇಸಿಗೆಯಲ್ಲೇ ಹೊಸ ಕೋಡನ್ನು ಫೊಪ್ಪೆಯ ಫೋನಿಗೆ ಹಾಕಿಕೊಟ್ಟವನು ಅವನೇ. ಹೊರಟ ದಿನ ಬೆಳಿಗ್ಗೆ ಫೊಪ್ಪೆ ಅವನಿಗೆ ಫೋನ್ ಮಾಡಿ, "ನಿಮ್ಮ ಒಣಪಾದ ನನ್ನ ದಾರೀನೇ ಕೆಂಪು ಮಾಡಿದೆ ನೋಡೋ. ನಾನೇನು ನಿನ್ನೆ ಮೊನ್ನೆ ನಡೆಯೋಕೆ ಕಲಿತವನಾ?" ಎಂದು ನಕ್ಕನಂತೆ. ಸಿಬ್ರೆನ್ ಕೂಡ ನಕ್ಕನಂತೆ. ಅದನ್ನು ಹೇಳಿ ಅತ್ತ. ಫೊಪ್ಪೆಗೆ ಗೊತ್ತಿತ್ತು ರೆನ್ಸ್ಕೆ. ಗೊತ್ತಿದ್ದೇ ಹೋದ. ಸಿಟ್ಟಿಲ್ಲ ಎಂದು ಮೇಲೆ ಬರೆದೆನಲ್ಲ, ಆ ಗುರುವಾರದವರೆಗೂ ನನಗೆ ನಿನ್ನ ಮೇಲೆ ಒಂದಿಷ್ಟು ಸಿಟ್ಟಿತ್ತು, ಅದನ್ನು ಹಿಡಿದುಕೊಂಡೇ ಒಂದು ವರ್ಷ ದೂಡಿದೆ. ಈಗ ಬೈಯಬೇಕಾದವನು ಫೊಪ್ಪೆಯೊಬ್ಬನೇ, ಅವನು ಕೈಗೆ ಸಿಗುವುದಿಲ್ಲ. ಬಾ ಮಾರಾಯ್ತಿ, ಇಬ್ಬರೂ ಕೂತು ಬೈಯೋಣ. ನನ್ನೊಬ್ಬಳಿಂದ ಆಗುತ್ತಿಲ್ಲ.