ದೇವರ ಗೂಡಿನಲ್ಲಿಟ್ಟ ಬಿಲ್ಲೆ

ಸೋಮವಾರ, ಹದಿನಾಲ್ಕನೇ ತಾರೀಖು

ಇವತ್ತು ಉಪವಾಸ. ನೀರು ತುಂಬಿಸಿ, ಅಂಗಳ ಗುಡಿಸಿ, ದೀಪ ಹಚ್ಚಿ ಕೂತರೂ ಮನಸ್ಸೆಲ್ಲ ಗಣಿಯಿಂದ ಬಂದ ಕಾಗದದ ಮೇಲೇ ಇತ್ತು. ಹನ್ನೆರಡು ವರ್ಷದಿಂದ ಮುಚ್ಚಿದ್ದ ಯುರೇನಿಯಂ ಗಣಿ ಮತ್ತೆ ತೆರೆಯುತ್ತಾರಂತೆ. ಎಷ್ಟೋ ದೇಶಗಳಲ್ಲಿ ಹೊಸ ಅಣು ವಿದ್ಯುತ್ ಸ್ಥಾವರ ಕಟ್ಟುತ್ತಿದ್ದಾರಂತೆ, ಅದಿರು ಸಾಲದಂತೆ. ತೀರಿಹೋದ ಕೆಲಸಗಾರರ ಮನೆಯಿಂದ ಒಬ್ಬರಿಗೆ ಕೆಲಸ ಕೊಡುತ್ತಾರೆ, ಅದಕ್ಕೆ ನನ್ನ ಒಪ್ಪಿಗೆ ಬೇಕು.

ಆ ಕೆಲಸಕ್ಕೆ ಹೋಗಲು ಮಗಳು ಆಗಲೇ ಕುಣಿಯುತ್ತಿದ್ದಾಳೆ.

"ಬೇಡ ಕಣೇ. ನಿಮ್ಮಪ್ಪನ್ನ ತಿಂದದ್ದು ಆ ಗಣೀನೇ."

"ಅಪ್ಪನ್ನ ತಿಂದದ್ದು ಬೀಡಿ, ಅಮ್ಮಾ. ವಿಕಿರಣ ಅಳೆಯೋ ಬಿಲ್ಲೆ ಎದೆ ಮೇಲೇ ಇತ್ತಲ್ಲ? ಅದರಲ್ಲಿ ಏನೂ ಬಂದಿಲ್ಲ ಅಂತ ಡಾಕ್ಟರೇ ಬರೆದಿದ್ದಾರೆ. ನೀನು ಹೆದರಿ ಏನಾದ್ರೂ ಹೇಳ್ತೀಯ, ಬಿಲ್ಲೆ ಸುಳ್ಳು ಹೇಳುತ್ತಾ?"

ನಾನು ದೇವರ ಗೂಡಿನ ಕಡೆ ತಿರುಗಿ ದೀಪದ ಬತ್ತಿ ಸರಿಮಾಡಿದೆ.

ಬಿಲ್ಲೆಯಲ್ಲಿ ಹೆಚ್ಚು ಬಂದರೆ ಕೆಲಸದಿಂದ ತೆಗೆಯುತ್ತಾರೆ ಅಂತ ನಮ್ಮ ಯಜಮಾನರಿಗೆ ಭಯ. ದಿನಾ ಬೆಳಿಗ್ಗೆ ಅವರ ಅಂಗಿಯಿಂದ ಅದನ್ನು ಬಿಚ್ಚಿ ದೇವರ ಗೂಡಿನಲ್ಲಿ ಇಡುತ್ತಿದ್ದವಳು ನಾನೇ. ದೇವರು ಕಾಯುತ್ತಾನೆ ಅಂದುಕೊಂಡಿದ್ದೆ. ಕಾದ, ಬಿಲ್ಲೆಯನ್ನು. ಅವರು ಬಿಲ್ಲೆಯಿಲ್ಲದ ಎದೆಯಲ್ಲಿ ಗಣಿಯೊಳಗೆ ಇಳಿದರು. ಕೊನೆಗೆ ಒಂದು ಗುಟುಕು ನೀರು ಕುಡಿಯುವುದಕ್ಕೂ ಉಸಿರು ಸಾಲದೆ ನನ್ನ ಮುಖ ನೋಡುತ್ತಿದ್ದರು. ಆಗಲೂ ಡಾಕ್ಟರಿಗೆ ನಾನು ಹೇಳಲಿಲ್ಲ.

ಈಗ ಇದನ್ನೆಲ್ಲ ಗಣಿಯ ಕಾಗದದ ಹಿಂದೆ ಬರೆದು, ಒಪ್ಪಿಗೆ ಇಲ್ಲ ಅಂತ ಸಹಿ ಮಾಡಿ, ಮಡಚಿ ದಿಂಬಿನ ಕೆಳಗೆ ಇಟ್ಟಿದ್ದೇನೆ. ನನ್ನ ಕೈಯಿಂದ ಮಗಳಿಗೆ ಕೊಡಲಾರೆ, ದೇವರೇ. ಬೆಳಿಗ್ಗೆ ನಾನು ಏಳುವ ಮೊದಲು ಅವಳನ್ನೇ ಇಲ್ಲಿಗೆ ಕಳಿಸು, ಕಾಗದ ತೆಗೆದುಕೊಂಡು ಹೋಗಲಿ.